ಒತ್ತದ ಹೆಬ್ಬೆಟ್ಟು

ನಿನ್ನೆ ಗದಗ ಬಸ್‌ಸ್ಟ್ಯಾಂಡಿನ ಹೊರಗೆ ಯಾರೋ ಶೇಂಗಾ ಕುದಿಸುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನೀಲವ್ವ ನೆನಪಾದಳು. ಅಂತೂರ ಬೆಂತೂರಿನಿಂದ ಹಕ್ಕಲು ಶೇಂಗಾ ತಂದು ಬೆಟಗೇರಿಯ ನಮ್ಮ ಓಣಿಯಲ್ಲಿ ಮಾರುತ್ತಿದ್ದವಳು. ಹಕ್ಕಲು ಗೊತ್ತಲ್ಲ? ಒಡೆಯರು ಬೆಳೆ ಕಿತ್ತುಕೊಂಡು ಹೋದ ಮೇಲೆ ಹೊಲದಲ್ಲಿ ಉಳಿದದ್ದನ್ನು ಬಡವರು ಆಯ್ದುಕೊಳ್ಳುವುದು.

ನನಗೂ ಹಕ್ಕಲಿಗೂ ಗಂಟು ಬಿದ್ದದ್ದು ನಲವತ್ತೆರಡನೆಯ ವಯಸ್ಸಿನಲ್ಲಿ. ಪ್ರಾಥಮಿಕ ಶಾಲೆಯ ಅಕ್ಕೋರಾಗಿದ್ದವಳು ಇದ್ದಕ್ಕಿದ್ದಂತೆ ಬೈಬಲ್ ಅಧ್ಯಯನದ ಸ್ನಾತಕೋತ್ತರ ಪದವಿಗೆ ಸೇರಿಕೊಂಡೆ. 'ಪಾದ್ರಿ ಆಕ್ಕಿಯೇನ?' ಎಂದರು ನಮ್ಮ ಯಜಮಾನರು. 'ಇಲ್ರಿ, ದಿನಾ ಓದೂದು ಏನಂತ ತಿಳೀಲಿ ಅಂತ,' ಅಂದೆ. ದೊಡ್ಡ ಮಾತೇ! ಹೀಬ್ರೂ ಅಕ್ಷರ ತಿದ್ದುವಾಗ, ನನ್ನ ಒಂದನೇ ಇಯತ್ತೆಯ ಮಕ್ಕಳಿಗೆ ಕೊಟ್ಟ ಏಟಿಗೆಲ್ಲ ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

ಪ್ರಬಂಧಕ್ಕೆ ಆರಿಸಿಕೊಂಡದ್ದು ಬೈಬಲಿನಲ್ಲಿ ಬರುವ, ಬೇರೆ ದೇಶದಿಂದ ಬಂದ ವಿಧವೆಯ ಕಥೆ. ಅತ್ತೆಯ ಹೊಟ್ಟೆಗಾಗಿ ಆಕೆ ಹಕ್ಕಲು ಆಯುತ್ತಾಳೆ. ಹೊಲದ ಒಡೆಯ ಕನಿಕರಪಟ್ಟು, ಆಳುಗಳಿಗೆ ಹೇಳಿ ಆಕೆಗೆಂದೇ ತೆನೆ ಬೀಳಿಸುತ್ತಾನೆ. ಪಂಡಿತರೆಲ್ಲ ಒಡೆಯನ ದೊಡ್ಡಗುಣ ಹೊಗಳಿದ್ದರು. ನಾನೂ ಹೊಗಳುವವಳೇ ಇದ್ದೆ. ಒಂದು ದಿನ ಕಟ್ಟೆಯ ಮೇಲೆ ಕೂತು ಆ ಕಥೆಯನ್ನು ನೀಲವ್ವನಿಗೆ ಹೇಳಿದೆ.

'ಅಲ್ರಿ ಅಕ್ಕೋರ, ಆಕಿ ಒಬ್ಬಾಕಿಗೇ ಚೆಲ್ಲಿದ್ರ ಉಳಿದ ಹೆಣಮಕ್ಕಳು ಸುಮ್ಮನಿದ್ರೇನು? ನಮ್ಮಲ್ಲಾದ್ರ ತುರುಬ ಹಿಡದ ಜಗ್ಗತಾರ್ರಿ. ಮರುದಿನ ಆ ಹೊಲಕ್ಕ ಹೆಂಗ ಹೋದ್ಲು ಆಕಿ?'

ನಾನು ಓದಿದ ಯಾವ ಪಂಡಿತನೂ ಇದನ್ನು ಕೇಳಿರಲಿಲ್ಲ. ನೀಲವ್ವನ ಬೆನ್ನು ಹತ್ತಿ, ಹೊಲಕ್ಕೆ ಯಾರು ಮೊದಲು ಇಳಿಯಬೇಕು, ಯಾವ ಸಾಲು ಯಾರದು ಎಂದೆಲ್ಲ ಕೇಳಿ ಒಂದು ಅಧ್ಯಾಯ ಬರೆದೆ. ಮಾರ್ಗದರ್ಶಕರು ಖುಷಿಪಟ್ಟರು. 'ಆದ್ರ ಹೇಳಿದವರ ಒಪ್ಪಿಗೆಪತ್ರ ಬೇಕವ್ವಾ. ಸಹಿ ಇಲ್ಲಂದ್ರ ಅಧ್ಯಾಯ ಇಲ್ಲ,' ಎಂದರು. ಇಡೀ ಪ್ರಬಂಧದಲ್ಲಿ ಹೊಸದೆನ್ನುವುದು ಅದೊಂದೇ ಇತ್ತು, ಅದೂ ನೀಲವ್ವನದು.

ಇಂಗ್ಲಿಷಿನ ಫಾರ್ಮು, ಸ್ಟಾಂಪ್ ಪ್ಯಾಡು ಹಿಡಿದು ಆಕೆಯ ಮನೆಗೆ ಹೋದೆ. ಚಹಾ ಕೊಟ್ಟಳು.

'ಏನ ಬರದೈತ್ರಿ ಇದರಾಗ?'

'ಏನಿಲ್ಲ ಬೇ. ನೀ ಹೇಳಿದ್ದನ್ನ ನಾ ಬರಕೊಂಡೀನಿ ಅಂತ. ಇಲ್ಲೊಂದ ಹೆಬ್ಬೆಟ್ಟ ಒತ್ತು.'

ಪ್ಯಾಡನ್ನು ನನ್ನ ಕಡೆಗೇ ಸರಿಸಿದಳು. 'ನಮ್ಮಣ್ಣನೂ ಹಿಂಗ ಏನಿಲ್ಲ ಅಂದಿದ್ದ. ಅಪ್ಪನ ಹೊಲದಾಗಿನ ನನ್ನ ಪಾಲು ಹೋತು. ಈಗ ಅದ ಹೊಲಕ್ಕ ಹಕ್ಕಲ ಆಯಾಕ ಹೊಕ್ಕೀನ್ರಿ. ಇನ್ನ ಯಾವ ಕಾಗದಕ್ಕೂ ಒತ್ತಂಗಿಲ್ಲ. ಸಿಟ್ಟಾಗಬ್ಯಾಡ್ರಿ.'

ನಾಚಿಕೆಯಾಯಿತು. ಮರುದಿನ ಆ ಫಾರ್ಮನ್ನೇ ಕನ್ನಡದಲ್ಲಿ ಬರೆದುಕೊಂಡು ಹೋಗಿ ಎರಡು ಸಲ ಓದಿ ಹೇಳಿದೆ. ಪೂರಾ ಕೇಳಿದಳು, ಹೌದೆಂದು ತಲೆಯಾಡಿಸಿದಳು, ಒತ್ತಲಿಲ್ಲ. ನನಗೆ ಸಿಟ್ಟೂ ಬಂತು, ಅಳುವೂ ಬಂತು. ವಾಪಸು ಬರುವಾಗ ಬಸ್ಸಿನಲ್ಲಿ ಆಕೆಯನ್ನೂ ಆಕೆಯ ಅಣ್ಣನನ್ನೂ ಮನಸ್ಸಿನಲ್ಲೇ ಸರಿಯಾಗಿ ಬೈದೆ. ಅಧ್ಯಾಯ ತೆಗೆದು ಪ್ರಬಂಧ ಕೊಟ್ಟೆ. ಪಾಸಾದೆ, ಅಷ್ಟೇ.

ಪೇಢೆ ತೆಗೆದುಕೊಂಡು ಹೋದಾಗ ಆಕೆ ಕೇಳಿದ ಮೊದಲ ಮಾತೇ ಇದು: 'ನಾ ಹೇಳಿದ್ದು ಐತಿಲ್ರಿ ಅದರಾಗ?'

'ಇಲ್ಲ ಬೇ. ಸಹಿ ಇಲ್ಲಂತ ತಗದೆ.'

ಆಕೆಯ ಮುಖ ಸಣ್ಣದಾಯಿತು. 'ಹೆಬ್ಬೆಟ್ಟ ಇಲ್ಲಂದ್ರ ಖರೆ ಮಾತ ಸುಳ್ಳ ಆಕ್ಕೈತೇನ್ರಿ?'

ಮಾರ್ಗದರ್ಶಕರಿಗೆ ಎದುರು ನಿಂತು ಇದನ್ನೇ ಕೇಳಬೇಕಿತ್ತು. ಕೇಳಲಿಲ್ಲ, ಅದು ನನ್ನ ತಪ್ಪು.

ನೀಲವ್ವ ಈಗಿಲ್ಲ. ಭಾನುವಾರ ನಾನು ಹೆಣ್ಣುಮಕ್ಕಳಿಗೆ ಬೈಬಲ್ ಪಾಠ ಹೇಳುತ್ತೇನೆ. ಆ ಕಥೆ ಬಂದಾಗಲೆಲ್ಲ, 'ಅಂತೂರ ಬೆಂತೂರಿನ ನೀಲವ್ವ ಒಂದ ಮಾತ ಕೇಳಿದ್ಲು' ಎಂದೇ ಶುರು ಮಾಡುತ್ತೇನೆ. ಅಷ್ಟು ಸಾಕು, ಕೂತವರೆಲ್ಲ ನಾ ಮುಂದು ತಾ ಮುಂದು ಎಂದು ಮಾತಿಗಿಳಿಯುತ್ತಾರೆ. ಆಕೆಯ ಸಹಿ ಎಲ್ಲಿ ಎಂದು ಇಂದಿನವರೆಗೆ ಒಬ್ಬರೂ ಕೇಳಿಲ್ಲ.