ಇನ್ನೂರು ಹರ್ಟ್ಸ್ ಜಗಳ

ನಾನೂ ತಪ್ಪಿರಬಹುದು ಎಂಬ ಅನುಮಾನ ನನಗೆ ಸುಲಭಕ್ಕೆ ಬರುವುದಿಲ್ಲ. ಆಲ್ದೂರಿನಲ್ಲಿ ಪಂಪ್‌ಸೆಟ್ ಸಾಮಾನು ಮಾರುವವನಿಗೆ ಈ ಗುಣವಿಲ್ಲದಿದ್ದರೆ ಅಂಗಡಿಯೂ ನಡೆಯುವುದಿಲ್ಲ.

ನನಗೆ ಹ್ಯಾಮ್ ರೇಡಿಯೊ ಹುಚ್ಚು, ಮನೆಯಲ್ಲೇ ವೈರ್‌ಲೆಸ್ ಸೆಟ್ಟು ಇಟ್ಟುಕೊಂಡು ದೂರದವರ ಜೊತೆ ಮಾತಾಡುವ ಹವ್ಯಾಸ. ಸಂಸೆಯಲ್ಲಿರುವ ನಿವೃತ್ತ ಮೇಷ್ಟ್ರೊಬ್ಬರಿಗೂ ಅದೇ ಹುಚ್ಚು. ಹನ್ನೊಂದು ವರ್ಷಗಳಿಂದ ದಿನಾ ಬೆಳಿಗ್ಗೆ ಏಳಕ್ಕೆ, ಗೊತ್ತುಮಾಡಿಕೊಂಡ ಒಂದೇ ಫ್ರೀಕ್ವೆನ್ಸಿಯಲ್ಲಿ, ಮಳೆ ಎಷ್ಟು ಇಂಚು ಬಂತು ಎಂಬಲ್ಲಿಂದ ಹಿಡಿದು ಮೊಣಕಾಲು ನೋವಿನವರೆಗೆ ಮಾತಾಡುತ್ತೇವೆ. ಅದನ್ನು ಫೋನಿನಲ್ಲೇ ಆಡಬಹುದಲ್ಲ ಎಂದು ನೀವೂ ಕೇಳಬೇಡಿ, ಮನೆಯಲ್ಲಿ ಕೇಳಿಯಾಗಿದೆ.

ಕಳೆದ ಮಳೆಗಾಲದಲ್ಲೊಂದು ದಿನ ಮೇಷ್ಟ್ರು, "ನಿಮ್ಮ ಸೆಟ್ಟು ಫ್ರೀಕ್ವೆನ್ಸಿಯಿಂದ ಸ್ವಲ್ಪ ಜಾರಿದೆ ಅಂತ ಕಾಣ್ತದೆ ಮಾರಾಯ್ರೆ. ಸ್ವರ ಮೂಗಿನಲ್ಲಿ ಬರ್ತದೆ," ಅಂದರು. ನನಗೆ ಅವರ ಸ್ವರ ಕೊಡದೊಳಗಿಂದ ಬಂದಂತಿತ್ತು. "ಜಾರಿದ್ದು ನಿಮ್ದು. ತೋರಿಸ್ಕೊಳ್ಳಿ," ಅಂದುಬಿಟ್ಟೆ. ಮಾರನೆಯ ದಿನದಿಂದ ಸ್ವರಗಳೇನೋ ಸರಿಹೋದವು, ಮಾತು ಮಾತ್ರ ಮಳೆಯ ಇಂಚಿಗೆ ನಿಂತುಹೋಯಿತು. ನನಗೆ ಬಹಳ ಬೇಜಾರಾಯಿತು. ಆದರೆ ಕ್ಷಮಿಸಿ ಅನ್ನುವುದಕ್ಕಿಂತ, ಯಾರ ಸೆಟ್ಟು ಜಾರಿದೆ ಎಂದು ಅಳೆಯುವ ಒಂದು ಯಂತ್ರ ಕಟ್ಟುವುದು ನನ್ನಂಥವರಿಗೆ ಸುಲಭ.

ಉಪಗ್ರಹಗಳ ಹೊಟ್ಟೆಯಲ್ಲಿ ಪರಮಾಣು ಗಡಿಯಾರಗಳಿವೆ. ಅಗ್ಗದ ಜಿಪಿಎಸ್ ಚಿಪ್ಪೊಂದು ಅವನ್ನು ಕೇಳಿಸಿಕೊಂಡು ಸೆಕೆಂಡಿಗೊಮ್ಮೆ ಟಿಕ್ ಎನ್ನುತ್ತದೆ. ತಾಳ ಹಿಡಿಯುವ ನಮ್ಮ ಕ್ವಾರ್ಟ್ಸ್ ಹರಳು ಅಷ್ಟರಲ್ಲಿ ಸರಿಯಾಗಿ ಒಂದು ಕೋಟಿ ಸಲ ಕಂಪಿಸಬೇಕು. ಚಳಿಗೆ, ಸೆಕೆಗೆ, ವಯಸ್ಸಿಗೆ ಅದು ಜಾರುತ್ತದೆ. ಹಿಂದೆ ಬಿದ್ದರೆ ತಳ್ಳಲು, ಓಡಿದರೆ ಹಿಡಿಯಲು ಬೆನ್ನ ಹಿಂದೆ ಒಬ್ಬ ಮೇಸ್ತ್ರಿ ಬೇಕು. ಆ ಮೇಸ್ತ್ರಿಯೇ ಈ ಯಂತ್ರ. ಗುಜರಿಗೆ ಬಿದ್ದ ಮೊಬೈಲ್ ಟವರ್ ಸಾಮಾನಿನ ಹರಳು, ಅದನ್ನು ಬೆಚ್ಚಗಿಡಲು ದನದ ಆಸ್ಪತ್ರೆಗೆ ಲಸಿಕೆ ಬಂದಿದ್ದ ಥರ್ಮೊಕೋಲ್ ಡಬ್ಬಿ ಸಿಕ್ಕವು. ಸಿಗದೇ ಹೋದದ್ದು ಉಪಗ್ರಹಕ್ಕೆ ಬೇಕಾದ ತೆರೆದ ಆಕಾಶ. ಮನೆಯ ಮೂರು ಕಡೆ ಸಿಲ್ವರ್ ಓಕ್ ಮರಗಳು. ಕೊನೆಗೆ ಆಂಟೆನಾ ನೀರಿನ ಟ್ಯಾಂಕಿನ ಮೇಲೆ ಕೂತಿತು.

"ಟೈಮೆಷ್ಟು ತೋರಿಸ್ತದೆ ಇದು?" ಎಂದಳು ಹೆಂಡತಿ.

"ಇದು ಟೈಮ್ ತೋರಿಸಲ್ಲ. ಯಾರು ಸರಿ ಅಂತ ಹೇಳ್ತದೆ."

"ಅದನ್ನ ಇಷ್ಟು ದಿನ ನೀವೇ ಹೇಳ್ತಿದ್ರಲ್ಲ."

ಯಂತ್ರ ಹೇಳಿತು. ಇನ್ನೂರು ಹರ್ಟ್ಸ್ ಜಾರಿದ್ದು ನನ್ನ ಸೆಟ್ಟು. ಎರಡು ದಿನ ಯಂತ್ರವನ್ನೇ ಅನುಮಾನಿಸಿದೆ, ಉಪಗ್ರಹಗಳನ್ನೂ ಬಿಡಲಿಲ್ಲ. ಮೂರನೆಯ ದಿನ ಸೆಟ್ಟನ್ನು ಸರಿಮಾಡಿ, ಏಳಕ್ಕೆ ಮೈಕ್ ಹಿಡಿದು, "ಮೇಷ್ಟ್ರೇ, ತಪ್ಪು ನಂದೇ," ಅಂದೆ.

"ಗೊತ್ತು ಮಾರಾಯ್ರೆ. ಹನ್ನೊಂದು ವರ್ಷದಿಂದ ನೀವು ಇರೋ ಕಡೆಗೇ ಡಯಲ್ ತಿರುಗಿಸ್ಕೊಂಡು ಮಾತಾಡ್ತಿದ್ದೆ. ಅವತ್ತೊಂದು ದಿನ ತಿರುಗಿಸೋಕೆ ಮರ್ತು, ಬಾಯಿ ಬಿಟ್ಟೆ."

ನಾನು ಅಂದಿನ ಮಳೆಯ ಇಂಚು ಹೇಳಿ ಮೈಕ್ ಕೆಳಗಿಟ್ಟೆ.

ಮಾರನೆಯ ದಿನ, ರೂಢಿಯಂತೆ ಅವರು ಹಳೆಯ ಕಡೆಗೇ ತಿರುಗಿಸಿಯಾರು, ಅವರಿಗೆ ತೊಂದರೆ ಬೇಡವೆಂದು, ನನ್ನ ಡಯಲನ್ನು ಹಳೆಯ ತಪ್ಪಿಗೇ ತಿರುಗಿಸಿ ಕೂತೆ. ಅವರು ನನ್ನ ಯಂತ್ರದ ಮರ್ಯಾದೆ ಉಳಿಸಲು ತಮ್ಮ ಡಯಲನ್ನು ಸರಿಯಾದ ಜಾಗಕ್ಕೆ ತಂದಿದ್ದರು. ನಾನು ಮೂಗಿನಲ್ಲಿ, ಅವರು ಕೊಡದೊಳಗಿಂದ, ಅರ್ಧ ಗಂಟೆ ಮಾತಾಡಿದೆವು. ಸ್ವರದ ಬಗ್ಗೆ ಇಬ್ಬರೂ ಚಕಾರವೆತ್ತಲಿಲ್ಲ.