ಒಕ್ಕಣ್ಣನವರ ಹಜಾರ

ಒಕ್ಕಣ್ಣನವರಿಗೆ ಕಣ್ಣುಗಳು ಎರಡೂ ಇದ್ದವು, ಎರಡೂ ನಿರ್ದೋಷವಾದವು. ಆದರೆ ಕುರ್ಚಿಯೊಂದನ್ನು ನೆಲದ ಮೇಲೆ ಇರಿಸಿದೊಡನೆ ಹಿಂದಕ್ಕೆ ಸರಿದು, ಎಡಗಣ್ಣನ್ನು ಮುಚ್ಚಿ, ಬಲಗಣ್ಣೊಂದರಿಂದಲೇ ಅದನ್ನು ವಿಚಾರಣೆಗೆ ಗುರಿಪಡಿಸುವುದು ಅವರ ವ್ರತವಾಗಿತ್ತು. ಇದನ್ನು ಕಂಡ ಮಳಿಗೆಯ ಸಹೋದ್ಯೋಗಿಗಳು ಅವರಿಗೆ ಈ ಹೆಸರನ್ನಿತ್ತರು. ವಯಸ್ಸಿನಲ್ಲಿ ಹಿರಿಯರೆಂಬ ಕಾರಣಕ್ಕೆ ಗೌರವದ ಬಹುವಚನವನ್ನೂ ಬಾಲವಾಗಿ ಜೋಡಿಸಿದರು. ಹೀಗೆ ಕುಚೇಷ್ಟೆಯೂ ಮರ್ಯಾದೆಯೂ ಒಂದೇ ಹೆಸರಿನೊಳಗೆ ಜಗಳವಿಲ್ಲದೆ ಸಂಸಾರ ಹೂಡಿದ್ದವು.

ಪೀಠೋಪಕರಣಗಳ ದೊಡ್ಡ ಮಳಿಗೆಯೊಂದರಲ್ಲಿ ಮಾದರಿ ಕೋಣೆಗಳನ್ನು ಸಜ್ಜುಗೊಳಿಸುವುದು ಅವರ ಕೆಲಸ. ಆ ಕೋಣೆಗಳಿಗೆ ಗೋಡೆಗಳು ಮೂರೇ. ನಾಲ್ಕನೆಯದರ ಜಾಗದಲ್ಲಿ ಒಂದು ಕೆಂಪು ಹಗ್ಗ. ಗಿರಾಕಿಗಳು ಅದರಾಚೆ ನಿಂತು ನೋಡಿ, ತಲೆದೂಗಿ, ಮುಂದೆ ಸಾಗಬೇಕು. ಹಗ್ಗದೀಚಿನ ಆ ಲೋಕದಲ್ಲಿ ಸಕಲವೂ ನೋಟಕ್ಕಾಗಿಯೇ ಸೃಷ್ಟಿಯಾಗಿತ್ತು. ಬುಟ್ಟಿಯ ಸೇಬುಗಳು ಮೇಣದವು. ಟಿವಿ ರಟ್ಟಿನದು. ಪುಸ್ತಕಗಳೆಂದರೆ ಹಲಗೆಯೊಂದಕ್ಕೆ ಸಾಲಾಗಿ ಅಂಟಿಸಿದ ಬರಿಯ ಬೆನ್ನುಗಳು; ಒಳಗೆ ಒಂದಕ್ಷರವೂ ಇಲ್ಲದೆ ಹೊರಗೆ ಚಿನ್ನದ ಗೆರೆಗಳಿಂದ ಮೆರೆಯುವ ವಿದ್ವಾಂಸರು. ಗೋಡೆಯ ಗಡಿಯಾರವು ಸದಾಕಾಲ ಹತ್ತು ಗಂಟೆ ಹತ್ತು ನಿಮಿಷವನ್ನೇ ತೋರಿಸುತ್ತಿತ್ತು. ಮುಳ್ಳುಗಳು ಹಾಗೆ ನಿಂತಾಗ ಗಡಿಯಾರ ಮುಗುಳ್ನಗುವಂತೆ ಕಾಣುವುದೆಂದು ಆ ವೃತ್ತಿಯವರ ನಂಬಿಕೆ. ಸೋಫಾದ ಮೇಲೊಂದು ಫಲಕ: ‘ದಯವಿಟ್ಟು ಕೂರಬೇಡಿ.’ ಕಸ ಗುಡಿಸುವವರು ಕುರ್ಚಿಯನ್ನು ಅತ್ತಿತ್ತ ಸರಿಸಿದರೂ ಅದು ತನ್ನ ಸ್ವಸ್ಥಾನಕ್ಕೆ ಮರಳಲೆಂದು, ಒಂದೊಂದು ಕಾಲಿನ ಸುತ್ತಲೂ ನೆಲದ ಮೇಲೆ ಸೀಮೆಸುಣ್ಣದ ಗುರುತು. ಆ ಗುರುತನ್ನು ಎಳೆಯುವಾಗ ಒಕ್ಕಣ್ಣನವರ ಮುಖದಲ್ಲಿ ಮೂಡುತ್ತಿದ್ದ ಶಾಂತಿ ಧ್ಯಾನಸ್ಥರಲ್ಲಿಯೂ ಅಪರೂಪ.

ಇಂತಹವರ ಸ್ವಂತ ಮನೆಯ ಹಜಾರವಾದರೋ ಮಳಿಗೆಯವರು ಬೇಡವೆಂದು ಬಿಸುಟ ವಸ್ತುಗಳ ಅನಾಥಾಲಯವಾಗಿತ್ತು. ತೋಳೊಂದು ಮುರಿದ ಸೋಫಾ, ಟೊಪ್ಪಿಗೆ ಕಳೆದುಕೊಂಡ ದೀಪ, ಬಾಗಿಲುಗಳು ಕಳಚಿದ ಕಪಾಟು, ಬಿಚ್ಚುವುದಕ್ಕೆ ಜಾಗವಿಲ್ಲದೆ ಸುತ್ತಿಕೊಂಡೇ ಮುದಿಯಾದ ಜಮಖಾನೆ. ಇವೆಲ್ಲವನ್ನೂ ಒಂದಲ್ಲ ಒಂದು ದಿನ ರಿಪೇರಿ ಮಾಡುವುದಾಗಿ ಒಕ್ಕಣ್ಣನವರು ಮಾತು ಕೊಟ್ಟಿದ್ದರು. ಮಾತು ಕೊಟ್ಟದ್ದು ಮಡದಿಗಲ್ಲ, ಆ ವಸ್ತುಗಳಿಗೆ.

ಮಡದಿಗೊಂದು ಹಳೆಯ ಕೊರಗಿತ್ತು. ಪ್ರತಿ ಭಾನುವಾರ ಮಧ್ಯಾಹ್ನ ಆಕೆ, ಆಕೆಯ ತಂಗಿ, ನೆರೆಮನೆಯ ನಿವೃತ್ತ ಟೀಚರಮ್ಮ, ಈ ಮೂವರೂ ಹರಟೆಗೆ ಸೇರುವುದು ವಾಡಿಕೆ. ಸೇರುವುದು ಯಾವಾಗಲೂ ತಂಗಿಯ ಮನೆಯಲ್ಲಿ. ಟೀಚರಮ್ಮನವರ ಬಲಗಿವಿ ನೌಕರಿಯೊಡನೆಯೇ ನಿವೃತ್ತಿ ಪಡೆದಿದ್ದುದರಿಂದ ಅವರ ಎಡಕ್ಕೇ ಕುಳಿತು ಮಾತಾಡಬೇಕು. ಅದಕ್ಕೆ ತಂಗಿಯ ಮನೆಯಲ್ಲಿ ಅನುಕೂಲವಿತ್ತು. ಆದರೆ ಆ ತಂಗಿಯ ನಾಲಗೆಯೂ ಬಹಳ ಅನುಕೂಲವಾಗಿ ಹೊರಳುವಂತಹದು. ಕಾಫಿಯ ಲೋಟ ಕೈಗಿಡುವಾಗ ಆಕೆ, “ಕುಡಿ ಅಕ್ಕ. ನಿಮ್ಮನೇಲಿ ಕೂತು ಕುಡಿಯೋಣ ಅಂದ್ರೆ ಸೋಫಾಗೇ ಒಂದು ತೋಳಿಲ್ಲ, ಪಾಪ,” ಎನ್ನುತ್ತಿದ್ದಳು.

ಈ ‘ಪಾಪ’ವನ್ನು ನುಂಗಿ ನುಂಗಿ ಸಾಕಾದ ಮಡದಿ ಒಂದು ಸಂಜೆ ಪತಿಯ ಮುಂದೆ ನಿಂತಳು.

“ರೀ, ಊರಿನವರ ಹಾಲ್ ಎಲ್ಲಾ ನಿಮ್ಮ ಕೈಕೆಲಸ ನೋಡಿ ಚೆಂದ ಆಗುತ್ತೆ. ನಮ್ಮದು ಯಾವ ಜನ್ಮಕ್ಕೆ?”

“ಆ ಸೋಫಾಗೆ ಸರಿಯಾದ ತೋಳು ಸಿಗಲಿ ಅಂತ ಕಾಯ್ತಿದೀನಿ ಕಣೇ.”

“ಅದಕ್ಕೆ ತೋಳು ಬರೋ ಹೊತ್ತಿಗೆ ನನ್ನ ಮಂಡಿ ಹೋಗಿರುತ್ತೆ. ನಂಗೆ ಬೇಕಾಗಿರೋದು ಇಷ್ಟೇ ರೀ. ಅವರಿಬ್ಬರೂ ಒಂದು ಭಾನುವಾರ ನಮ್ಮನೆಗೆ ಬರಬೇಕು; ಎದ್ದು ಹೋಗೋಕೆ ಮನಸ್ಸೇ ಬಾರದೆ ಕೂತಿರಬೇಕು.”

“ಓ, ಅಷ್ಟೇನಾ,” ಎಂದರು ಒಕ್ಕಣ್ಣನವರು. “ನಮ್ಮ ಅಂಗಡೀಲಿರೋ ಹಾಲ್‌ನ ಹಾಗೇ ಮಾಡಿಕೊಡ್ತೀನಿ, ನೋಡ್ತಿರು.”

ಸುದ್ದಿ ಕೇಳಿದ ತಂಗಿ ಕರಾರು ಹಾಕಿದಳು. “ಬರ್ತೀವಕ್ಕ, ಯಾಕೆ ಬರಲ್ಲ. ಆದ್ರೆ ಹಿಡಿಸ್ಲಿಲ್ಲ ಅಂದ್ರೆ ಮತ್ತೆ ನಮ್ಮನೆ. ಆಮೇಲೆ ನೀನು ಮುಖ ಊದಿಸ್ಕೊಂಡು ಕೂರಬಾರ್ದು.”

ಒಕ್ಕಣ್ಣನವರು ರಜೆ ಹಾಕಿ ಕಾರ್ಯಕ್ಕಿಳಿದರು. ಜಮಖಾನೆಯೊಂದನ್ನುಳಿದು ಅನಾಥ ವಸ್ತುಗಳೆಲ್ಲ ಅಟ್ಟವೇರಿದವು. ಗೋಡೆಗೆ ಕೆನೆಬಣ್ಣ, ಕಿಟಕಿಗೆ ಬೂದುನೀಲಿಯ ಪರದೆ, ಜಮಖಾನೆಗೆ ಕಡೆಗೂ ಮೈಚಾಚುವ ಭಾಗ್ಯ. ಮಳಿಗೆಯಲ್ಲಿ ಪ್ರದರ್ಶನ ಮುಗಿಸಿದ, ಆದರೆ ಸರ್ವಾಂಗಸಂಪನ್ನವಾದ ಸೋಫಾವೊಂದು ಬಂದು ಹಿಂಗೋಡೆಗೆ ಒರಗಿತು. ಎರಡು ಒಂಟಿ ಕುರ್ಚಿಗಳು ಎರಡು ಮೂಲೆಗಳಲ್ಲಿ ದ್ವಾರಪಾಲಕರಂತೆ ನಿಂತವು. ನಡುವೆ ಟೀಪಾಯಿ, ಅದರ ಮೇಲೆ ಮೇಣದ ಸೇಬು. ಹೊಸ ಕಪಾಟಿನಲ್ಲಿ ಚಿನ್ನದ ಗೆರೆಯ ವಿದ್ವಾಂಸರು. ಗಡಿಯಾರವನ್ನೂ ತೂಗುಹಾಕಿ, ಮುಗುಳ್ನಗೆ ಕೆಡದಿರಲೆಂದು ಅದರ ಸೆಲ್ ತೆಗೆದಿಟ್ಟರು. ಎಲ್ಲ ಆಸನಗಳೂ ಬಾಗಿಲಿಗೇ ಮುಖಮಾಡಿದ್ದವು; ಏಕೆಂದರೆ ಒಕ್ಕಣ್ಣನವರು ಬಾಗಿಲಿನಲ್ಲಿ ನಿಂತೇ ಎಡಗಣ್ಣು ಮುಚ್ಚಿ ನೋಡುತ್ತಿದ್ದರು. ಮಳಿಗೆಯಲ್ಲಿ ಹಗ್ಗವಿದ್ದ ಜಾಗದಲ್ಲಿ ಇಲ್ಲಿ ಜನ ಒಳಬರುವ ಬಾಗಿಲಿದೆಯೆಂಬ ಭೇದವು ಅವರಿಗೆ ಹೊಳೆಯಲೇ ಇಲ್ಲ.

ಪಕ್ಕದಲ್ಲಿ ನಿಂತ ಮಡದಿಯ ಕಣ್ಣರಳಿತು. “ಚೆನ್ನಾಗಿದೆ ರೀ. ಕೂರ್ಲಾ?”

“ತಾಳು, ದಿಂಬು ಸುಕ್ಕಾಗುತ್ತೆ. ಅವರು ಬರಲಿ.”

ಅವರು ಬಂದರು. ಬಂದವರು ಹೊಸ್ತಿಲಲ್ಲೇ ನಿಂತರು.

“ಏನ್ ಚೆಂದ. ಫೋಟೋ ಇದ್ದ ಹಾಗಿದೆ,” ಎಂದರು ಟೀಚರಮ್ಮ. “ಚಪ್ಪಲಿ ಒಂದೇ ಅಲ್ಲ, ಕಾಲನ್ನೂ ಹೊರಗೇ ಬಿಟ್ಟು ಬರಬೇಕೇನೋ.”

ಮಡದಿಯೂ ತಂಗಿಯೂ ಸೋಫಾದ ಎರಡು ತುದಿಗಳಲ್ಲಿ, ನಡುವಿನ ದಿಂಬುಗಳಿಗೆ ಜಾಗ ಬಿಟ್ಟು ಕುಳಿತರು. ಟೀಚರಮ್ಮನವರಿಗೆ ಮೂಲೆಯ ಕುರ್ಚಿ ದೊರೆಯಿತು. ಮೂವರೂ ಬಾಗಿಲನ್ನೇ ನೋಡತೊಡಗಿದರು. ಪರಸ್ಪರ ಮುಖ ಕಾಣಬೇಕಾದರೆ ಕತ್ತು ಹೊರಳಿಸಬೇಕು; ಹೊರಳಿಸಿದರೆ ಮಾತು ಮರೆಯುತ್ತದೆ.

ಸ್ವಲ್ಪ ಹೊತ್ತು ಕಳೆದ ಮೇಲೆ ತಂಗಿ ಕೇಳಿದಳು. “ಭಾವ, ಈ ಸ್ಟಾಪಿಗೆ ಬಸ್ಸು ಎಷ್ಟು ಹೊತ್ತಿಗೆ?”

ಟೀಚರಮ್ಮನವರ ಎಡಗಿವಿ ಗೋಡೆಯ ಪಾಲಾಗಿತ್ತು. “ನೀವಿಬ್ಬರು ಏನಂತೀರೋ ತಿಳೀತಿಲ್ಲ. ಗೋಡೆ ಏನಾದ್ರೂ ಮಾತಾಡಿದ್ರೆ ಮಾತ್ರ ನಂಗೆ ಚೆನ್ನಾಗಿ ಕೇಳಿಸುತ್ತೆ,” ಎಂದು ಅವರು ಕುರ್ಚಿಯನ್ನು ಸೋಫಾದ ಬಳಿಗೆ ಎಳೆದರು. ಬಾಗಿಲಿನಲ್ಲಿದ್ದ ಒಕ್ಕಣ್ಣನವರು ಬಾಣದಂತೆ ಬಂದರು.

“ಟೀಚರಮ್ಮ, ಕ್ಷಮಿಸಿ, ಅದರ ಜಾಗ ಇಲ್ಲಿ,” ಎಂದು ನೆಲದ ಮೇಲಿನ ಸೀಮೆಸುಣ್ಣದ ಗುರುತನ್ನು ತೋರಿಸಿ, ಕುರ್ಚಿಯನ್ನು ಬಹಳ ವಿನಯದಿಂದ ಮೂಲೆಗೆ ತಳ್ಳಿದರು.

ಮಾತಿಗೆ ದಾರಿ ಕಾಣದೆ ಟೀಚರಮ್ಮ ಎದ್ದು ಪುಸ್ತಕದ ಕಪಾಟಿಗೆ ಹೋದರು. ದಪ್ಪವಾದುದೊಂದನ್ನು ಆರಿಸಿ ಎಳೆದಾಗ ಇಡೀ ಸಾಲು ಒಟ್ಟಿಗೆ ಕೈಗೆ ಬಂದಿತು. ಅವರು ಅದನ್ನು ಹಿಂದುಮುಂದು ತಿರುಗಿಸಿ ನೋಡಿದರು.

“ಇಷ್ಟು ಒಗ್ಗಟ್ಟಾಗಿರೋ ಪುಸ್ತಕಗಳನ್ನ ನನ್ನ ಸರ್ವೀಸಿನಲ್ಲೇ ಕಂಡಿಲ್ಲ.”

ಅವರು ಎದ್ದೊಡನೆ ಒಕ್ಕಣ್ಣನವರು ಅವರ ಕುರ್ಚಿಯ ದಿಂಬನ್ನು ತಟ್ಟಿ ಉಬ್ಬಿಸಿದ್ದರು. ಉಬ್ಬಿದ ದಿಂಬಿನ ಮೇಲೆ ಮತ್ತೆ ಕೂರಲು ಟೀಚರಮ್ಮನವರಿಗೆ ಧೈರ್ಯ ಸಾಲಲಿಲ್ಲ. ತಂಗಿ ಗಡಿಯಾರದತ್ತ ನೋಡಿ, “ಹತ್ತೂ ಹತ್ತು ಆಗೋಯ್ತಾ? ಮಧ್ಯಾಹ್ನ ಬಂದವರು ರಾತ್ರಿ ಮಾಡಿಬಿಟ್ವಿ. ಏಳಿ ಟೀಚರಮ್ಮ,” ಎಂದು ಎದ್ದಳು. ಹೊರಗೆ ಬಿಸಿಲು ಇನ್ನೂ ಚುರುಕಾಗಿತ್ತು. ಚಪ್ಪಲಿ ಮೆಟ್ಟುತ್ತ ಆಕೆ ಅಕ್ಕನ ಭುಜ ಮುಟ್ಟಿದಳು. “ತುಂಬಾ ಚೆನ್ನಾಗಿದೆ ಅಕ್ಕ, ನಿಜವಾಗ್ಲೂ. ಮುಂದಿನ ವಾರ ನಮ್ಮನೆಗೆ ಬಾ.”

ಮಡದಿ ಮುಖ ಊದಿಸಲಿಲ್ಲ. ಕರಾರಿನಂತೆ ನಗುತ್ತಲೇ ಬೀಳ್ಕೊಟ್ಟು, ಒಳಗೆ ಹೋಗಿ, ತೊಳೆದ ಲೋಟಗಳನ್ನೇ ಮತ್ತೆ ತೊಳೆದಳು. ಒಕ್ಕಣ್ಣನವರು ಅಡುಗೆಮನೆಯ ಬಾಗಿಲಿಗೆ ಬಂದರು.

“ಎಲ್ಲ ಸರಿಯಾಗೇ ಇತ್ತಲ್ಲೇ. ಯಾಕೆ ಅಷ್ಟು ಬೇಗ ಹೋದ್ರು?”

“ನೋಡಿ ಆಯ್ತಲ್ಲ ರೀ, ಹೋದ್ರು. ಒಂದು ಹಗ್ಗ ಕಟ್ಟಿಬಿಡಿ, ಮುಂದಿನ ಸಲ ಒಳಗೆ ಬರೋ ಶ್ರಮವೂ ತಪ್ಪುತ್ತೆ.”

ಮರುವಾರದ ಭಾನುವಾರ ಮಳಿಗೆಯಲ್ಲಿ ಗಿರಾಕಿಗಳ ಸಂದಣಿ. ಒಕ್ಕಣ್ಣನವರು ತಮ್ಮ ಶ್ರೇಷ್ಠ ಕೃತಿಯಾದ ಮಾದರಿ ಹಜಾರದ ಎದುರಿಗೆ, ಹಗ್ಗದ ಪಕ್ಕದಲ್ಲಿ ನಿಂತಿದ್ದರು. ಆಗ ಮಹಿಳೆಯರು ಮೂವರು ಸಾಲಾಗಿ ಬಂದರು. ಮುಂದಿದ್ದವಳು ಹಗ್ಗವನ್ನೆತ್ತಿ ಹಿಡಿದಳು, ಉಳಿದಿಬ್ಬರು ತಲೆ ಬಾಗಿಸಿ ಒಳಹೊಕ್ಕರು. ಫ್ಲಾಸ್ಕು ಟೀಪಾಯಿಯ ಮೇಲೆ ಕುಳಿತಿತು. ಮೇಣದ ಸೇಬುಗಳು ನೆಲಕ್ಕಿಳಿದವು. ‘ದಯವಿಟ್ಟು ಕೂರಬೇಡಿ’ ಎಂಬ ಫಲಕವನ್ನು ಟೀಚರಮ್ಮ ಓದಿ, ತಲೆದೂಗಿ, ಮಗುಚಿಟ್ಟು ಅದರ ಪಕ್ಕದಲ್ಲೇ ಕುಳಿತರು.

ಒಕ್ಕಣ್ಣನವರು ಹಗ್ಗದ ಮೇಲೆ ಬಾಗಿದರು. “ಏನೇ ಇದು? ಇದು ಅಂಗಡಿ.”

“ಗೊತ್ತು ರೀ,” ಎಂದಳು ಮಡದಿ, ಲೋಟಕ್ಕೆ ಬಗ್ಗಿಸುತ್ತ. “ಅಂಗಡೀಲಿರೋ ಹಾಲ್‌ನ ಹಾಗೇ ಮಾಡ್ತೀನಿ ಅಂದ್ರಲ್ಲ, ಮಾಡಿದ್ರಿ. ಹಾಗಿದ್ಮೇಲೆ ಅಂಗಡೀದೇ ಇದೆಯಲ್ಲ, ಮನೇದು ಯಾಕೆ ಸುಕ್ಕು ಮಾಡೋದು ಅಂತ ಇಲ್ಲಿಗೇ ಬಂದ್ವಿ.”

“ಭಾವ, ಜರುಗಿ ನಿಲ್ಲಿ. ಗಿರಾಕಿಗಳಿಗೆ ನಾವು ಕಾಣಿಸ್ತಿಲ್ಲ,” ಎಂದಳು ತಂಗಿ.

ಜನರೆದುರು ಸಂಸಾರವನ್ನು ಗದರುವುದು ಒಕ್ಕಣ್ಣನವರ ಸ್ವಭಾವದಲ್ಲಿರಲಿಲ್ಲ. ಅವರು ನೋಡುತ್ತಿರುವಂತೆಯೇ ಕೋಣೆ ಕೆಡತೊಡಗಿತು. ಟೀಚರಮ್ಮನವರ ಎಡಕ್ಕೆ ಒಂದು ಕುರ್ಚಿ ಸರಿಯಿತು. ಅದಕ್ಕೆದುರಾಗಿ ಇನ್ನೊಂದು ಓರೆಯಾಗಿ ಬಂದಿತು. ಟೀಪಾಯಿ ಕೈಗೆಟುಕುವಲ್ಲಿಗೆ ಜಾರಿತು. ದಿಂಬೊಂದು ಸೊಂಟದ ಸೇವೆಗೆ, ಇನ್ನೊಂದು ಮಂಡಿಯ ಸೇವೆಗೆ ನಿಯುಕ್ತವಾಯಿತು. ಟೀಚರಮ್ಮ ಹಳೆಯ ಹೆಡ್‌ಮಾಸ್ಟರರ ನಡಿಗೆಯನ್ನು ಕೈಬೆರಳುಗಳಲ್ಲೇ ನಡೆಸಿ ತೋರಿಸಿದಾಗ ಮೂವರೂ ನಕ್ಕ ನಗು ಮಂಚಗಳ ವಿಭಾಗದವರೆಗೆ ಹರಿಯಿತು.

ಹಗ್ಗದಾಚೆ ಜನ ಗುಂಪುಗೂಡಿದರು. ತಲೆದೂಗಿ ಮುಂದೆ ಸಾಗುವವರು ಸಾಗಲಿಲ್ಲ. ಮದುವೆಯಾಗಿ ಹೊಸದಾಗಿ ಮನೆ ಹೂಡಿದಂತಿದ್ದ ಒಬ್ಬಾಕೆ ಗಂಡನ ತೋಳು ಜಗ್ಗಿ, “ನಮಗೂ ಹೀಗೇ ಬೇಕು. ಆ ಕುರ್ಚಿ ಓರೆಯಾಗಿದೆಯಲ್ಲ, ಹಾಗೇ,” ಎಂದಳು.

ಗದ್ದಲ ಕೇಳಿ ಮಾಲೀಕರು ಬಂದರು. “ಯಾರ್ರೀ ಇವರು?”

“ನಮ್ಮ ಮನೆಯವರು,” ಎಂದರು ಒಕ್ಕಣ್ಣನವರು, ಶಿಕ್ಷೆಗೆ ಸಿದ್ಧರಾಗಿ.

ಮಾಲೀಕರು ಗುಂಪನ್ನು ನೋಡಿದರು, ಸೋಫಾವನ್ನು ನೋಡಿದರು. “ನೀವು ಜೋಡಿಸಿದ್ದನ್ನ ಜನ ‘ಚೆನ್ನಾಗಿದೆ’ ಅಂತ ಹೇಳಿ ಹೋಗ್ತಾರೆ. ಇವರು ಕೆಡಿಸಿದ್ಮೇಲೆ ‘ಬೇಕು’ ಅಂತಿದಾರೆ. ಆ ಅಮ್ಮಂದಿರಿಗೆ ಬಿಸ್ಕತ್ತು ತರಿಸಿ.”

ಮೂವರೂ ಎದ್ದು ಹೋದಾಗ ಸಂಜೆಯಾಗಿತ್ತು. ಒಕ್ಕಣ್ಣನವರು ಕುರ್ಚಿಗಳನ್ನು ಸ್ವಸ್ಥಾನಕ್ಕೆ ಮರಳಿಸಲು ಬಾಗಿದವರು ಹಾಗೆಯೇ ನಿಂತರು. ಎದ್ದು ಹೋಗುವ ಮನಸ್ಸೇ ಇಲ್ಲದೆ ಅವರು ಕುಳಿತಿದ್ದುದು ಇಲ್ಲಿ. ಮಡದಿ ಕೇಳಿದ್ದು ಇದನ್ನೇ. ಒಕ್ಕಣ್ಣನವರು ಜೇಬಿನಿಂದ ಸೀಮೆಸುಣ್ಣ ತೆಗೆದು ಓರೆಯಾದ ಒಂದೊಂದು ಕಾಲಿನ ಸುತ್ತಲೂ ಗುರುತೆಳೆದರು. ಬಳಿಕ ನೂಲೊಂದನ್ನು ಹಿಡಿದು ಕಾಲಿನಿಂದ ಕಾಲಿಗೆ ಅಳೆದು, ಗಂಟು ಹಾಕಿ ಮನೆಗೆ ಒಯ್ದರು.

ಮರುದಿನ ಅವರು ಹಜಾರದ ನೆಲದ ಮೇಲೆ ನೂಲು ಹಿಡಿದು ತೆವಳುತ್ತಿದ್ದುದನ್ನು ಮಡದಿ ಕಂಡಳು.

“ಏನ್ರೀ ಮಾಡ್ತಿದೀರ?”

“ಅಸ್ತವ್ಯಸ್ತ ಮಾಡ್ತಿದೀನಿ. ಅಡ್ಡ ಬರಬೇಡ, ಅಳತೆ ತಪ್ಪುತ್ತೆ.”

ಮಡದಿ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದಳು. ಇನ್ನೊಂದೇ ಸಲವೆಂದು ತಂಗಿಯನ್ನು ಒಪ್ಪಿಸಿದಳು.

ಒಕ್ಕಣ್ಣನವರು ಮತ್ತೆ ರಜೆ ಹಾಕಿದ ಮುಂದಿನ ಭಾನುವಾರ ಅತಿಥಿಗಳು ಬರುವ ಹೊತ್ತಿಗೆ ಕುರ್ಚಿಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಓರೆಯಾಗಿದ್ದವು. ದಿಂಬುಗಳು ಅಳತೆಗೆ ಸರಿಯಾಗಿ ಬಿದ್ದಿದ್ದವು. ಒಕ್ಕಣ್ಣನವರು ಬಾಗಿಲಿನಲ್ಲಿ ನಿಂತು ಎಡಗಣ್ಣು ಮುಚ್ಚಿ ತೃಪ್ತರಾದರು.

ಟೀಚರಮ್ಮ ಒಳಗೆ ಬಂದರು. “ಬಿಸಿಲು ಕಣ್ಣಿಗೆ ಹೊಡೀತಿದೆ ಕಣಮ್ಮ,” ಎನ್ನುತ್ತ, ಕೂರುವ ಮೊದಲೇ ಕುರ್ಚಿಯನ್ನು ಪೂರ್ತಿ ತಿರುಗಿಸಿದರು. ಅವರ ಎಡಗಿವಿ ಅತ್ತ ಹೋದದ್ದರಿಂದ ತಂಗಿಯೂ ತನ್ನ ಕುರ್ಚಿಯನ್ನು ಅತ್ತ ಎಳೆದಳು. ಮಡದಿ ಸೋಫಾದಿಂದಿಳಿದು ಜಮಖಾನೆಯ ಮೇಲೆ ಕಾಲು ಚಾಚಿದಳು. ಒಕ್ಕಣ್ಣನವರ ನೂಲಿನ ಗಂಟುಗಳೆಲ್ಲ ಕ್ಷಣಮಾತ್ರದಲ್ಲಿ ವ್ಯರ್ಥವಾದವು.

ಅವರ ಪಾದ ತಾನಾಗಿಯೇ ಮುಂದೆ ಬಂದಿತು. “ಟೀಚರಮ್ಮ…” ಎಂದರು. ಮಡದಿ ತಲೆಯೆತ್ತಿ ನೋಡಿದಳು. ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು. ಒಕ್ಕಣ್ಣನವರು ಮುಂದಿಟ್ಟ ಪಾದವನ್ನು ಹಿಂದಕ್ಕೆಳೆದುಕೊಂಡರು.

“ಏನಪ್ಪಾ?” ಎಂದರು ಟೀಚರಮ್ಮ.

“ಏನಿಲ್ಲ. ಪರದೆ ಎಳೀಲಾ ಅಂತ ಕೇಳ್ದೆ.”

ಪರದೆ ಎಳೆದು ಮರಳುವಾಗ ಅವರು ನೆಲದ ಮೇಲಿನ ಗುರುತುಗಳನ್ನು ಯಾರಿಗೂ ಕಾಣದಂತೆ ಪಾದದಿಂದಲೇ ಉಜ್ಜಿದರು. ಕಂಡದ್ದು ಮಡದಿಗೆ ಮಾತ್ರ.

“ಅಲ್ಲೇನು ಕಾವಲು ನಿಂತಿದೀರ,” ಎಂದಳು ಅವಳು. “ಬಂದು ಕೂತ್ಕೊಳ್ಳಿ. ಸೋಫಾ ಖಾಲಿ ಇದೆ.”

ಒಕ್ಕಣ್ಣನವರು ತಾವೇ ತಂದಿರಿಸಿದ ಸೋಫಾದ ಮೇಲೆ ಮೊದಲ ಬಾರಿಗೆ ಕುಳಿತರು. ಮೊದಲು ಅಂಚಿನಲ್ಲಿ, ಹೆಡ್‌ಮಾಸ್ಟರರ ಕಥೆ ಮುಗಿಯುವ ಹೊತ್ತಿಗೆ ಒರಗಿಕೊಂಡು, ಟೀಚರಮ್ಮನವರ ಮುಂದಿನ ಕಥೆಗೆ ದಿಂಬನ್ನು ತೊಡೆಯ ಮೇಲೆ ಹಾಕಿಕೊಂಡು ಹಿಸುಕುತ್ತ. ಅಲ್ಲಿಂದ ಬಾಗಿಲು ಕಾಣುತ್ತಿರಲಿಲ್ಲ, ತಂಗಿಯ ಕುರ್ಚಿ ಅಡ್ಡವಾಗಿತ್ತು. ಅವರು ಎರಡು ಕಣ್ಣುಗಳನ್ನೂ ತೆರೆದುಕೊಂಡೇ ನಕ್ಕರು.

ಕಿಟಕಿಯಾಚೆ ಬೀದಿಯ ದೀಪಗಳು ಹೊತ್ತಿಕೊಂಡ ಮೇಲೆಯೇ ತಂಗಿ ಬೆಚ್ಚಿ ಗೋಡೆಯತ್ತ ನೋಡಿದ್ದು. ಹತ್ತು ಗಂಟೆ ಹತ್ತು ನಿಮಿಷ. ಆಕೆ ಮತ್ತೆ ಕುರ್ಚಿಗೆ ಒರಗಿ ಲೋಟವನ್ನು ಅಕ್ಕನ ಕಡೆಗೆ ಚಾಚಿದಳು.

“ಇನ್ನರ್ಧ ಹಾಕಕ್ಕ. ಭಾವ, ಮುಂದಿನ ವಾರ ನಾವು ಬರೋ ಹೊತ್ತಿಗೆ ಆ ಗಡಿಯಾರಕ್ಕೆ ಸೆಲ್ ಗಿಲ್ ಹಾಕಿಬಿಟ್ಟೀರ ಮತ್ತೆ, ಹುಷಾರು.”