ಇವತ್ತು ಹಲ್ಲುಜ್ಜಬೇಡಿ

ನನ್ನ ಅತ್ತಿಗೆಯ ಹಠ ಎಂಥದ್ದು ಎಂದು ತಿಳಿಯಬೇಕಾದರೆ ನನ್ನ ಹೊಲಿಗೆ ಮಷೀನಿಗೆ ಕಟ್ಟಿರುವ ಕತ್ತರಿಯನ್ನು ನೋಡಬೇಕು. ನಾನು ಟೈಲರ್. ದಾರವನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡುವುದು ನಮ್ಮ ಕಸುಬಿನವರ ಹುಟ್ಟುಗುಣ. ಅದರಿಂದ ನನ್ನ ಮುಂದಿನ ಹಲ್ಲೊಂದು ಸವೆದು ಸಣ್ಣ ಕಚ್ಚು ಬಿದ್ದಿದೆ, ತಣ್ಣೀರು ತಾಗಿದರೆ ನೆತ್ತಿಯವರೆಗೆ ಜುಂ ಎನ್ನುತ್ತದೆ. ಅತ್ತಿಗೆ ಮದುವೆಯಾಗಿ ನಮ್ಮ ಮನೆಗೆ ಬಂದ ಹೊಸತರಲ್ಲೇ ಇದನ್ನು ಕಂಡು, ಒಂದು ಪುಟ್ಟ ಕತ್ತರಿ ತಂದು ಮಷೀನಿಗೆ ಲಾಡಿಯಿಂದ ಕಟ್ಟಿದಳು. ನಾನು ಬಿಚ್ಚಿ ಬಿಸಾಕಿದೆ. ಮರುದಿನ ಅದು ಮತ್ತೆ ಅಲ್ಲೇ ಇತ್ತು. ಬಿಚ್ಚುವುದು ನನ್ನ ಕೆಲಸ, ಕಟ್ಟುವುದು ಅವಳ ಕೆಲಸ ಎಂದು ಬಹಳ ಕಾಲ ನಡೆಯಿತು. ಕತ್ತರಿ ಈಗಲೂ ಅಲ್ಲೇ ಇದೆ. ಸೋತವರು ಯಾರು ಎಂದು ಕೇಳಬೇಡಿ.

ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಸಂಬಂಧದಲ್ಲಿ ಅಣ್ಣನ ಹೆಂಡತಿ, ನಾನು ಅವಳ ನಾದಿನಿ. ಹಾಗಾಗಿ ಬೈಯುವಾಗ ನಾನು ‘ನೀನು’ ಎನ್ನುತ್ತೇನೆ, ಹೆದರಿದಾಗ ‘ಅತ್ತಿಗೆ’ ಎನ್ನುತ್ತೇನೆ. ಅವಳ ಕೆಲಸ ಹಲ್ಲಿನ ಆಸ್ಪತ್ರೆಯಲ್ಲಿ. ಡಾಕ್ಟರಲ್ಲ. ಹಲ್ಲಿನ ಕಿಟ್ಟ ತೆಗೆಯುವುದು, ವಸಡು ನೋಡುವುದು, ದೊಡ್ಡವರಿಗೂ ಮಕ್ಕಳಿಗೂ ಹಲ್ಲಿನ ಮೇಲೆ ಫ್ಲೋರೈಡ್ ವಾರ್ನಿಷ್ ಹಚ್ಚುವುದು. ವಾರ್ನಿಷ್ ಎಂದ ಕೂಡಲೇ ನಮ್ಮ ಅಣ್ಣನಿಗೆ ನಗು. ಅವನು ಬಡಗಿ. ‘ನಾನು ಬಾಗಿಲಿಗೆ ಹಚ್ತೀನಿ, ಇವಳು ಬಾಯಿಗೆ ಹಚ್ತಾಳೆ, ಇಬ್ರಿಗೂ ಒಣಗೋವರೆಗೆ ಯಾರೂ ಮುಟ್ಟಬಾರದು’ ಎಂದು ಬಂದವರಿಗೆಲ್ಲ ಹೇಳುತ್ತಾನೆ. ಅವನ ತಮಾಷೆಗಳಲ್ಲಿ ಅರ್ಥವಿದ್ದದ್ದು ಇದೊಂದೇ.

ಬೀದಿಯವರೆಲ್ಲ ಅವಳನ್ನು ಹಲ್ಲಿನ ಆಂಟಿ ಎನ್ನುತ್ತಿದ್ದರು. ಅವಳ ಹಲ್ಲುಗಳನ್ನು ಕಂಡು ಹೊಟ್ಟೆಕಿಚ್ಚು ಪಡದ ಹೆಂಗಸಿರಲಿಲ್ಲ. ಪೋಣಿಸಿದ ಮುತ್ತು ಎನ್ನುವರು. ಅವಳು ತುಟಿ ಮುಚ್ಚಿಕೊಳ್ಳುವಳು. ಆ ಮೇಲಿನ ಸಾಲು ಪೂರ್ತಿ ಕಟ್ಟಿಸಿದ ಹಲ್ಲು ಎಂಬುದು ನಮ್ಮ ಮನೆಯವರಿಗೆ ಬಿಟ್ಟರೆ ಅವಳ ಡಾಕ್ಟರಿಗೆ ಮಾತ್ರ ಗೊತ್ತಿತ್ತು. ಚಿಕ್ಕವಳಿದ್ದಾಗ ಹಲ್ಲಿನ ಕಡೆ ನೋಡುವವರೇ ಇರಲಿಲ್ಲವಂತೆ. ಮುಂದಿನವು ಕಪ್ಪಾದವು, ಆಮೇಲೆ ಒಂದೊಂದಾಗಿ ಉಳಿದವೂ ಹಾಳಾದವು, ಕೊನೆಗೆ ಮದುವೆಯ ವಯಸ್ಸಿಗೆ ಬರುವ ಮೊದಲೇ ಮೇಲಿನ ಅಷ್ಟನ್ನೂ ಕೀಳಿಸಬೇಕಾಯಿತು. ಶಾಲೆಯ ದಿನಗಳಿಡೀ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕವಳು ಅವಳು. ಅಣ್ಣನಿಗೆ ಮದುವೆಗೆ ಮೊದಲೇ ತಾನಾಗಿ ಹೇಳಿದ್ದಳು. ಅವನೋ, ಜೋಡಿಸಿದ್ದು ಗಟ್ಟಿಯಾಗಿ ಕೂತಿದ್ದರೆ ತನ್ನದೇನೂ ತಕರಾರಿಲ್ಲ ಎಂದನಂತೆ. ಒಂದೇ ಮನೆಯಲ್ಲಿದ್ದೂ ನಾನು ಅವಳನ್ನು ಹಲ್ಲಿಲ್ಲದೆ ನೋಡಿರಲಿಲ್ಲ. ಬಚ್ಚಲಿನ ಚಿಲಕ ಹಾಕಿದ ಮೇಲೇ ಅದನ್ನು ತೆಗೆದು ತೊಳೆಯುತ್ತಿದ್ದಳು.

ನಮ್ಮ ಬೀದಿಯ ಕೊನೆಗೆ ಒಂದು ಪ್ರಾಥಮಿಕ ಶಾಲೆಯಿದೆ. ಡಾಕ್ಟರಿಗೆ ದುಂಬಾಲು ಬಿದ್ದು, ಅವರನ್ನು ಒಪ್ಪಿಸಿ, ಆ ಶಾಲೆಯ ಮಕ್ಕಳಿಗೆಲ್ಲ ವಾರ್ನಿಷ್ ಹಚ್ಚುವ ಏರ್ಪಾಡು ಮಾಡಿದವಳು ಇವಳೇ. ಮೊದಲು ಡಾಕ್ಟರು ಬಂದು ಎಲ್ಲರ ಬಾಯಿ ನೋಡಿ ಹೋದರು. ಆಮೇಲೆ ಅತ್ತಿಗೆ ಆಟದ ಸಾಮಾನು ತುಂಬಿದ್ದ ಕೋಣೆಯನ್ನು ಖಾಲಿ ಮಾಡಿಸಿ, ಕಿಟಕಿಯ ಪಕ್ಕ ಬೆಂಚು ಹಾಕಿಸಿದಳು. ಮಗು ಬೆಂಚಿನ ಮೇಲೆ ಮಲಗಿದರೆ ತಲೆ ಇವಳ ತೊಡೆಯ ಮೇಲೆ. ತೆಳು ಬಟ್ಟೆಯಿಂದ ಹಲ್ಲು ಒರೆಸಿ, ಪುಟ್ಟ ಬ್ರಷ್ಷನ್ನು ಅಂಟಂಟಾದ ಹಳದಿ ಔಷಧಿಯಲ್ಲಿ ಅದ್ದಿ ಸರಸರನೆ ಎಳೆಯುವಳು. ಜೊಲ್ಲು ತಾಗುತ್ತಲೇ ಅದು ಹಲ್ಲಿಗೆ ಕಚ್ಚಿಕೊಳ್ಳುತ್ತದೆ. ನೋವಿಲ್ಲ, ಸೂಜಿಯಿಲ್ಲ. ಆದರೆ ಮರುದಿನ ಬೆಳಿಗ್ಗೆಯವರೆಗೆ ಹಲ್ಲು ಹಳದಿ. ಅಷ್ಟು ಹೊತ್ತು ಅದು ಅಲ್ಲಿ ಕೂತು ಕೆಲಸ ಮಾಡಬೇಕು. ಅದಕ್ಕೇ ಪ್ರತಿ ಮಗುವಿಗೂ ಗಲ್ಲ ಹಿಡಿದು ಹೇಳಿ ಕಳಿಸಿದಳು: ಗಟ್ಟಿಯಾದದ್ದು, ಬಿಸಿಯಾದದ್ದು ತಿನ್ನಬೇಡ, ಇವತ್ತು ರಾತ್ರಿ ಹಲ್ಲುಜ್ಜಬೇಡ, ನಾಳೆ ಬೆಳಿಗ್ಗೆಯಿಂದ ಎಂದಿನ ಹಾಗೆ ಉಜ್ಜು.

ಆ ಮಕ್ಕಳಲ್ಲಿ ಒಬ್ಬಳು ಗುಬ್ಬಿ. ಲಾಂಡ್ರಿ ಅಂಗಡಿಯಾಕೆಯ ಮಗಳು. ಅವಳ ಅಸಲಿ ಹೆಸರು ಹಾಜರಿ ಕರೆಯುವವರಿಗೆ ಮಾತ್ರ ಗೊತ್ತು. ಹಾಲು ಹಲ್ಲು ಬಿದ್ದು ಮುಂದಿನ ಹೊಸ ಹಲ್ಲುಗಳು ಆಗಷ್ಟೇ ಇಳಿದಿದ್ದವು, ಮುಖಕ್ಕಿಂತ ದೊಡ್ಡವು. ಅವುಗಳ ಬುಡದಲ್ಲಿ ವಸಡಿನ ಪಕ್ಕಕ್ಕೆ ಸುಣ್ಣ ಎಳೆದಂತೆ ಒಂದು ಬಿಳಿ ಗೆರೆ. ಅದು ಹಲ್ಲು ಮೆತ್ತಗಾಗುತ್ತಿರುವ ಗುರುತು ಎಂದು ಅತ್ತಿಗೆ ನನಗೆ ಬಿಡಿಸಿ ಹೇಳಿದ್ದಳು. ಇನ್ನೂ ತೂತಾಗಿಲ್ಲ, ಈಗ ಫ್ಲೋರೈಡ್ ಸಿಕ್ಕರೆ ಮತ್ತೆ ಗಟ್ಟಿಯಾಗಬಹುದು. ತೂತು ಬಿದ್ದ ಮೇಲೆ ಮಾತ್ರ ಬ್ರಷ್ಷಿನದ್ದೇನೂ ನಡೆಯದು, ಡಾಕ್ಟರ ಕೊರೆಯುವ ಯಂತ್ರವೇ ಗತಿ. ಗುಬ್ಬಿಗೂ ಹೇಗೋ ಅದು ಗೊತ್ತಾಗಿರಬೇಕು, ಅಥವಾ ಯಾರೋ ರೇಗಿಸಿರಬೇಕು. ನಗುವಾಗ ಕೈ ಬಾಯಿಗೆ ಅಡ್ಡ ಹೋಗುತ್ತಿತ್ತು. ಆ ಕೈಯನ್ನು ನೋಡಿ ಬಂದ ದಿನ ಅತ್ತಿಗೆ ಊಟ ಸರಿಯಾಗಿ ಮಾಡಲಿಲ್ಲ.

ಕೆಲವು ತಿಂಗಳು ಬಿಟ್ಟು ಅವಳು ಮತ್ತೆ ಬಾಯಿಗಳನ್ನು ನೋಡಲು ಹೋದಳು. ಮುಖ ಊದಿಸಿಕೊಂಡು ಮನೆಗೆ ಬಂದಳು. ಹಲವು ಮಕ್ಕಳ ಬಿಳಿ ಗೆರೆ ಒಡೆದು ತೂತಾಗಿತ್ತು. ಗುಬ್ಬಿಯದು ಅಗಲವಾಗಿತ್ತು, ಒಡೆದಿರಲಿಲ್ಲ. ಇದು ಸಾಲದೆಂಬಂತೆ ಹೆಡ್ ಮೇಡಂ ಇನ್ನೊಂದು ಮಾತು ಹೇಳಿದ್ದರು. ಮಕ್ಕಳ ಹಲ್ಲು ಹಳದಿ ಮಾಡಿ ಕಳಿಸುತ್ತೀರಿ ಎಂದು ತಾಯಂದಿರ ದೂರಂತೆ. ಪ್ರಯೋಜನವೂ ಕಾಣುತ್ತಿಲ್ಲವಲ್ಲ ಎಂದರಂತೆ. ಹೆಡ್ ಮೇಡಂ ಕೆಟ್ಟವರಲ್ಲ, ಆದರೆ ತಾಯಂದಿರ ಬಾಯಿಗೆ ಬೀಳಲು ಯಾರಿಗೆ ಧೈರ್ಯವಿದೆ? ಬರುವ ವಾರ ಶಾಲೆ ಬಿಡುವ ಹೊತ್ತಿಗೆ ತಾಯಂದಿರನ್ನು ಸೇರಿಸುತ್ತೇನೆ, ಅವರು ಒಪ್ಪಿದರೆ ಮುಂದುವರಿಸಿ, ಇಲ್ಲವಾದರೆ ಇಲ್ಲಿಗೇ ಸಾಕು ಎಂದು ಕೈತೊಳೆದುಕೊಂಡರು.

ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತು ಎಂದು ಅತ್ತಿಗೆ ಮುಸುರೆ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು. ಔಷಧಿ ಸರಿ, ಹಚ್ಚಿದ್ದು ಸರಿ, ಮತ್ತೆ ಎಲ್ಲಿ ತಪ್ಪಿತು ಎಂದು ಅವಳಿಗೆ ತಿಳಿಯಲಿಲ್ಲ. ನನಗೂ ಅಯ್ಯೋ ಎನಿಸಿತು. ಎದುರಿಗೆ ಮಾತ್ರ ಪಾತ್ರೆ ಒಡೆದರೆ ನಿನ್ನ ಗಂಡ ಮರದಲ್ಲಿ ಮಾಡಿಕೊಡುವುದಿಲ್ಲ ಎಂದೆ.

ತಪ್ಪು ಸಿಕ್ಕಿದ್ದು ನನ್ನ ಅಂಗಡಿಯಲ್ಲಿ. ಲಾಂಡ್ರಿಯಾಕೆ ಗುಬ್ಬಿಯ ಯೂನಿಫಾರಂ ಲಂಗದ ಅಂಚು ಬಿಚ್ಚಿಸಿ ಉದ್ದ ಮಾಡಿಸಲು ಬಂದಳು. ನನ್ನ ಪಕ್ಕದ ಅಂಗಡಿಯೇ ಅವಳದ್ದು. ಅಂಥ ಕೆಲಸಗಾತಿ ಇನ್ನೊಬ್ಬಳಿಲ್ಲ. ಕಲೆ ಕಂಡರೆ ಅವಳಿಗೆ ಊಟ ಸೇರದು. ಮಸಿ, ಎಣ್ಣೆ, ತುಕ್ಕು ಯಾವುದಿದ್ದರೂ ತೆಗೆದೇ ಸೈ. ಮಾತಿಗೆ ಮಾತು ಬಂದು, ಹಲ್ಲಿನ ಆಂಟಿ ಒಳ್ಳೆಯವಳೇ ಆದರೆ ಆ ಹಳದಿ ಮೆತ್ತುವುದೊಂದು ಬೇಡಿತ್ತು ಎಂದಳು. ಆ ದಿನ ಗುಬ್ಬಿ ಮನೆಗೆ ಬಂದು ಬಾಯಿ ತೆರೆದಾಗ ತನ್ನ ಎದೆಯೇ ಧಸಕ್ಕೆಂದಿತಂತೆ. ಉಪ್ಪು, ನಿಂಬೆಹೋಳು ಹಾಕಿ ಒಂದು ಚೂರೂ ಬಿಡದೆ ಉಜ್ಜಿದಳಂತೆ. ಆಚೆ ಮನೆಯವರೂ ಈಚೆ ಮನೆಯವರೂ ಇವಳನ್ನು ಕೇಳಿಕೊಂಡು ಹೋಗಿ ಹಾಗೇ ಉಜ್ಜಿದರಂತೆ.

ಉಜ್ಜಬಾರದು ಎಂದು ಮಗಳು ಹೇಳಲಿಲ್ಲವೇ ಎಂದು ಕೇಳಿದೆ.

“ಹೇಳಿದ್ಲು ಕಣಮ್ಮ. ಹಲ್ಲಿನ ಆಂಟಿನೇ ಹಲ್ಲುಜ್ಜಬೇಡ ಅಂದ್ರು ಅಂತ. ಯಾವ ತಾಯಿ ನಂಬ್ತಾಳೆ ಹೇಳು? ಸುಳ್ಳು ಹೇಳೋದಕ್ಕೂ ಒಂದು ಮಿತಿ ಬೇಡ್ವಾ ಅಂತ ಬೆನ್ನಿಗೊಂದು ಕೊಟ್ಟೆ.”

ನಾನು ನಕ್ಕ ನಗುವಿಗೆ ಗುಂಡಿಯ ಡಬ್ಬಿ ಉರುಳಿ ಗುಂಡಿಗಳೆಲ್ಲ ನೆಲದ ಪಾಲಾದವು. ದಿನಾ ಹಲ್ಲುಜ್ಜದಿರಲು ನೂರು ನೆವ ಹೇಳುವ ಮಕ್ಕಳು, ಜನ್ಮದಲ್ಲಿ ಒಂದು ದಿನ ಪೂರ್ತಿ ನಿಜ ಹೇಳಿದವು, ಆ ದಿನವೇ ಏಟು ತಿಂದವು.

ಸಂಜೆ ಅತ್ತಿಗೆಗೆ ಹೇಳಿದೆ. ಅವಳು ನಗಲಿಲ್ಲ. ತಪ್ಪು ತಾಯಂದಿರದ್ದಲ್ಲ, ದೊಡ್ಡವರಿಗೆ ಹೇಳಬೇಕಾದ ಮಾತನ್ನು ಮಕ್ಕಳ ಕೈಲಿ ಕಳಿಸಿದ್ದು ತನ್ನದು ಎಂದಳು. ಆಮೇಲೆ ನನ್ನ ಮುಖವನ್ನೇ ನೋಡುತ್ತ ನಿಂತಳು. ಆ ನೋಟ ನನಗೆ ಗೊತ್ತು, ಕತ್ತರಿ ಕಟ್ಟಿದ ದಿನದ್ದು. ಸಭೆಗೆ ನಾನೂ ಬರಬೇಕು, ಎಲ್ಲರ ಎದುರಿಗೆ ನನ್ನ ಸವೆದ ಹಲ್ಲಿಗೆ ವಾರ್ನಿಷ್ ಹಚ್ಚಿಸಿಕೊಳ್ಳಬೇಕು ಎಂದಳು. ಗಿರಾಕಿಗಳು ಬರುವ ಹೊತ್ತು, ಹಳದಿ ಹಲ್ಲು ಬಿಟ್ಟುಕೊಂಡು ಅಳತೆ ತೆಗೆಯಲೇ ಎಂದು ರೇಗಿದೆ. ರೇಗಿದರೇನು ಬಂತು. ಅವಳು ಹಿಡಿದ ಮೊಲಕ್ಕೆ ಎಂದೂ ಮೂರೇ ಕಾಲು. ಹೋದೆ.

ಅದೇ ಕೋಣೆ, ಅದೇ ಬೆಂಚು. ತಾಯಂದಿರು ಗೋಡೆಗೊರಗಿ ನಿಂತಿದ್ದರು. ಮಕ್ಕಳು ಬಾಗಿಲಲ್ಲಿ ಒಬ್ಬರ ಮೇಲೊಬ್ಬರು ಬಗ್ಗಿ ನೋಡುತ್ತಿದ್ದರು. ಹೆಡ್ ಮೇಡಂ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಅತ್ತಿಗೆ ಮೊದಲು ಮಕ್ಕಳು ಸುಳ್ಳು ಹೇಳಿರಲಿಲ್ಲ ಎಂದಳು. ಬಾಗಿಲಲ್ಲಿ ದೊಡ್ಡ ಗದ್ದಲವೆದ್ದಿತು. ಆಮೇಲೆ ಹಳದಿ ಬಣ್ಣ ಕೊಳೆಯಲ್ಲ, ಬೆಳಿಗ್ಗೆ ತಾನಾಗಿ ಹೋಗುತ್ತದೆ, ಅಲ್ಲಿಯವರೆಗೆ ಅದನ್ನು ಕಾಯಬೇಕು ಎಂದು ಹೇಳಿ, ನನ್ನನ್ನು ಬೆಂಚಿನ ಮೇಲೆ ಬೀಳಿಸಿದಳು. ದೊಡ್ಡವರ ಹಲ್ಲು ಜುಂ ಎನ್ನುವುದಕ್ಕೂ, ವಸಡು ಇಳಿದು ಬುಡ ಕಾಣುವುದಕ್ಕೂ ಇದೇ ಹಚ್ಚುತ್ತಾರೆ ಎಂದು ನನ್ನ ಬಾಯಿಯನ್ನು ಇಡೀ ಬೀದಿಗೆ ತೋರಿಸಿ ವಿವರಿಸಿದಳು. ಹಚ್ಚಿ ಮುಗಿದಾಗ ನಾನು ಎದ್ದು ಹಲ್ಲು ಕಿರಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ತಾಯಂದಿರು ಮಾತ್ರ ಕದಲಲಿಲ್ಲ.

ಕೊನೆಗೆ ಬಾಯಿಬಿಟ್ಟವಳು ಲಾಂಡ್ರಿಯಾಕೆ. ಎಲ್ಲರೂ ಅವಳ ಕಡೆಗೇ ನೋಡುತ್ತಿದ್ದರು. ಅವಳು ಹೂಂ ಎಂದರೆ ಹೂಂ, ಉಹುಂ ಎಂದರೆ ಉಹುಂ. ಜಗಳಕ್ಕೆ ಹೇಳಿದ್ದಲ್ಲ, ಮಗಳ ತಾಯಿಯಾಗಿ ಹೇಳಿದಳು.

“ನಾದಿನಿಗೆ ಹಚ್ಚಿದ್ರಿ, ಸರಿ. ಅವರದ್ದು ಹೇಗಿದ್ರೂ ಸವೆದ ಹಲ್ಲು. ನಿಮ್ಮ ಈ ಮುತ್ತಿನಂಥ ಹಲ್ಲಿಗೆ ಹಚ್ಕೊಂಡು ತೋರ್ಸಿ. ಆಗ ನನ್ನ ಮಗಳಿಗೂ ಹಚ್ಚಿ.”

ಬಾಯಿಬಿಟ್ಟರೆ ಬಣ್ಣಗೇಡು ಎಂಬ ಮಾತು ಆ ಹೊತ್ತಿಗೆ ಹೇಳಿ ಮಾಡಿಸಿದಂತಿತ್ತು. ಒಂದು ನೆವ ಹೇಳಿಬಿಡು ತಾಯಿ, ನಿನ್ನೆಯಷ್ಟೇ ಹಚ್ಚಿಸಿಕೊಂಡೆ ಎಂದುಬಿಡು, ಯಾರಿಗೆ ಗೊತ್ತಾಗುತ್ತದೆ ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ. ಅತ್ತಿಗೆ ಬಾಗಿಲ ಕಡೆ ನೋಡಿದಳು. ಅಲ್ಲಿ ಗುಬ್ಬಿ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿತ್ತು.

ಅತ್ತಿಗೆ ಕೈಗವಸು ಕಳಚಿ ಬೆಂಚಿನ ಮೇಲಿಟ್ಟಳು. ಹೆಬ್ಬೆರಳು ಬಾಯಿಗೆ ಹಾಕಿ ಮೇಲಿನ ಸಾಲನ್ನು ಕಿತ್ತು ತೆಗೆದು, ಅಂಗೈಯಲ್ಲಿಟ್ಟು ಎಲ್ಲರಿಗೂ ಕಾಣುವಂತೆ ಹಿಡಿದಳು. ಅವಳ ಮೇಲ್ದುಟಿ ಒಳಕ್ಕೆ ಕುಸಿಯಿತು. ಒಂದೇ ಗಳಿಗೆಯಲ್ಲಿ ಅವಳು ನಮ್ಮೆಲ್ಲರ ಅಜ್ಜಿಯಾಗಿಬಿಟ್ಟಳು. ಯಾರೋ ಅಯ್ಯೋ ಎಂದರು. ನನಗೆ ಅಳು ಬಂತು, ತಡೆಯಲಿಲ್ಲ.

ಅವಳ ಮಾತು ಗಾಳಿ ಸೋರಿ ತೊದಲಿತು, ಆದರೂ ಒಂದಕ್ಷರ ಬಿಡದೆ ಎಲ್ಲರಿಗೂ ತಿಳಿಯಿತು.

“ಕೆಳಗಿನವಕ್ಕೆ ಡಾಕ್ಟ್ರ ಹತ್ರ ತಪ್ಪದೆ ಹಚ್ಚಿಸ್ಕೊಳ್ತೀನಿ. ಮೇಲಿನವಕ್ಕೆ ಹಚ್ಚೋಣ ಅಂದ್ರೆ ಅವೇ ಇಲ್ಲ. ಇದನ್ನ ದಿನಾ ಉಜ್ತೀನಿ, ಎಷ್ಟು ಬೆಳ್ಳಗಿದೆ ನೋಡಿ. ಗುಬ್ಬಿಯಷ್ಟು ಇದ್ದಾಗ ನನ್ನ ಹಲ್ಲಿಗೂ ಅದೇ ಗೆರೆ ಇತ್ತು. ಹಚ್ಚೋರು ಇರ್ಲಿಲ್ಲ. ಅವಳ ಹಲ್ಲು ಇನ್ನೂ ಬಾಯಲ್ಲಿದೆ. ಒಂದು ರಾತ್ರಿ ಹಳದಿಯಾಗಿ ಇರ್ಲಿ ಬಿಡಿ.”

ಲಾಂಡ್ರಿಯಾಕೆ ಆ ಅಂಗೈಯನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ನೇರ ಬಂದು ಬೆಂಚಿನ ಮೇಲೆ ಮಲಗಿ ಬಾಯಿ ತೆರೆದಳು. ಮೊದಲು ತನಗೆ, ಆಮೇಲೆ ಮಗಳಿಗೆ ಎಂದಳು. ಅತ್ತಿಗೆ ಹಲ್ಲಿನ ಸಾಲನ್ನು ಮತ್ತೆ ಬಾಯಿಗೆ ಹಾಕಿಕೊಂಡಳು, ಕೈ ತೊಳೆದು ಹೊಸ ಗವಸು ಹಾಕಿಕೊಂಡಳು. ಬ್ರಷ್ ಹಿಡಿದಳು. ಕತ್ತಲಾಗುವ ಹೊತ್ತಿಗೆ ಆ ಬೀದಿಯಲ್ಲಿ ಹಳದಿ ಹಲ್ಲಿಲ್ಲದ ಮನೆಯನ್ನು ಹುಡುಕಬೇಕಿತ್ತು.

ಮರುದಿನ ನಾನು ಅಂಗಡಿಯ ಬಾಗಿಲು ತೆಗೆಯುವಷ್ಟರಲ್ಲಿ ಲಾಂಡ್ರಿಯಾಕೆ ಅತ್ತಿಗೆಯ ಬಿಳಿ ಕೋಟನ್ನು ಗರಿಗರಿಯಾಗಿ ಇಸ್ತ್ರಿ ಮಾಡಿ ತಂದಿದ್ದಳು. ಗುಬ್ಬಿ ಪಕ್ಕದಲ್ಲಿ ನಿಂತಿತ್ತು. ಮಗಳು ನಿದ್ದೆಯಲ್ಲಿ ಹಲ್ಲು ಕಡಿದು ಹಚ್ಚಿದ್ದು ಉದುರಿಹೋದೀತೆಂದು ರಾತ್ರಿಯಿಡೀ ಎದ್ದೆದ್ದು ನೋಡಿದೆ ಎಂದಳು.

“ಕಲೆ ತೆಗೆಯೋಳು ನಾನು. ನಿನ್ನೆ ಒಂದು ಕಲೆನ ಕಾವಲು ಕಾದೆ ಕಣಮ್ಮ,” ಎಂದಳು.

ಮುಂದಿನ ಸಲ ಬಾಯಿ ನೋಡಿ ಬಂದಾಗ ಅತ್ತಿಗೆ ಮನೆಗೂ ಹೋಗದೆ ಮೊದಲು ನನ್ನ ಅಂಗಡಿಗೆ ಬಂದಳು. ಗುಬ್ಬಿಯ ಗೆರೆ ಒಡೆದಿಲ್ಲ, ಗಟ್ಟಿಯಾಗುತ್ತಿದೆ ಎಂದು ಹೇಳಿ ಸ್ಟೂಲಿನ ಮೇಲೆ ಕೂತುಬಿಟ್ಟಳು. ಆ ಹುಡುಗಿ ಇವತ್ತು ನಕ್ಕಾಗ ಕೈ ಎಲ್ಲಿತ್ತು ಎಂದು ಕೇಳಿದೆ. ಜೇಬಲ್ಲಿ ಎಂದಳು. ಈಚೆಗೆ ಹಲ್ಲು ತೆಗೆದು ತೊಳೆಯುವಾಗ ಅತ್ತಿಗೆಯೂ ಬಚ್ಚಲಿನ ಚಿಲಕ ಹಾಕಿಕೊಳ್ಳುವುದಿಲ್ಲ. ನಾನು ಹೊಲಿಗೆ ಮುಗಿಸಿ ದಾರವನ್ನು ಬಾಯಿಯ ಹತ್ತಿರ ಒಯ್ದೆ. ಅವಳು ಒಮ್ಮೆ ನೋಡಿದಳು. ನಾನು ಕತ್ತರಿಗೆ ಕೈ ಹಾಕಿದೆ.